ಮರಳಿನ ಕೊಡ, ಸುಣ್ಣದ ಪದರ

ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸಾಕುವವರ ದೂರು ಬಹುಮಟ್ಟಿಗೆ ಹವಳದ ಬಗ್ಗೆ ಇರುವುದಿಲ್ಲ, ಪಂಪಿನ ಬಗ್ಗೆ ಇರುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಪಂಪಿನೊಳಗಿನ ಚಕ್ರಕ್ಕೆ ಬಿಳಿಯ ಗಟ್ಟಿ ಪದರ ಹಿಡಿದು ಅದು ತಿರುಗಲು ತಿಣುಕುತ್ತದೆ. ನೀರನ್ನು ಬೆಚ್ಚಗಿಡುವ ಹೀಟರಿನ ಗಾಜು ಮಂಕಾಗುತ್ತದೆ. ದ್ರಾವಣ ಹನಿಸುವ ನಳಿಕೆಯ ತುದಿ ಕಟ್ಟಿಕೊಳ್ಳುತ್ತದೆ. ಆ ಪದರ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು. ಅದೇ ತೊಟ್ಟಿಯ ನಡುವೆ ಬೆಳೆಯುತ್ತಿರುವ ಹವಳದ ಮೈಯೂ ಕ್ಯಾಲ್ಸಿಯಂ ಕಾರ್ಬೊನೇಟೇ. ಬಂಡೆಯ ಮೇಲೆ ನೇರಳೆ ಬಣ್ಣದ ಸುಣ್ಣಪಾಚಿ ಹಬ್ಬಿದರೆ ತೊಟ್ಟಿಯ ಯಜಮಾನ ಬಂದವರಿಗೆಲ್ಲ ತೋರಿಸಿ ಹಿಗ್ಗುತ್ತಾನೆ. ಅದೇ ಪಾಚಿ ಪಂಪಿನ ಬಾಯಿಗೆ ಹಬ್ಬಿದರೆ ಬ್ಲೇಡು ಹಿಡಿದು ಕೆರೆಯುತ್ತಾನೆ. ಇದು ಬೈಲಹೊಂಗಲದ ಪೇಟೆಯಲ್ಲಿ ಸುಲಭಕ್ಕೆ ಕಾಣಸಿಗುವ ಹವ್ಯಾಸವಲ್ಲ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದೇ ಅಪರಾಧ. ಆದರೂ ಈ ಪರದೇಶಿ ಹವ್ಯಾಸದ ಪುಟ್ಟ ಕಿರಿಕಿರಿಯೊಳಗೆ ನಮ್ಮ ಮಠ, ಗುಡಿ, ಹೊಂಡಗಳೆಲ್ಲ ಶತಮಾನಗಳಿಂದ ಕೇಳುತ್ತ ಬಂದ ಒಂದು ಪ್ರಶ್ನೆ ಅಡಗಿದೆ. ಶುದ್ಧಿ ಎಂಬುದು ಕೊಳೆಯೇ ಇಲ್ಲದಿರುವ ಒಂದು ಸ್ಥಿತಿಯೇ, ಅಥವಾ ಕೊಳೆ ಬರುತ್ತಲೇ ಇರುವಾಗ ಮತ್ತೆ ಮತ್ತೆ ಮಾಡಬೇಕಾದ ಕೆಲಸವೇ? ಎರಡನೆಯದೇ ನಿಜ, ಮೊದಲನೆಯದನ್ನು ಹಟ ಹಿಡಿದು ಬೆನ್ನಟ್ಟಿದವರು ಜೀವವನ್ನೇ ಕಳೆದುಕೊಳ್ಳುತ್ತಾರೆ ಎಂಬುದು ನನ್ನ ವಾದ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆ ಈ ವಾದಕ್ಕೆ ಸಾಕ್ಷಿಯನ್ನೂ ಒದಗಿಸುತ್ತದೆ, ಎದುರುವಾದವನ್ನೂ ಒದಗಿಸುತ್ತದೆ.

ಮೊದಲು ಪದರ ಹೇಗೆ ಕಟ್ಟುತ್ತದೆ ಎಂಬುದನ್ನು ಸರಿಯಾಗಿ ನೋಡಬೇಕು. ಶುದ್ಧಿಯ ಬಗ್ಗೆ ಮಾತಾಡುವವರು ಕೊಳೆಯನ್ನು ಗಮನವಿಟ್ಟು ನೋಡುವುದು ಕಡಿಮೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, ಅದರ ಮೂರು ಪಟ್ಟಿನಷ್ಟು ಮೆಗ್ನೀಸಿಯಂ, ಜೊತೆಗೆ ಬೈಕಾರ್ಬೊನೇಟ್ ಕರಗಿರುತ್ತವೆ. ಬೆಚ್ಚಗಿನ ಕಡಲುಗಳ ಮೇಲ್ಪದರದ ನೀರು, ಹವಳ ಕಟ್ಟುವ ಅರಗೋನೈಟ್ ಎಂಬ ಸುಣ್ಣದ ಮಟ್ಟಿಗೆ, ತಾನು ಹಿಡಿದಿಟ್ಟುಕೊಳ್ಳಬಹುದಾದ ಮಿತಿಗಿಂತ ಮೂರು ನಾಲ್ಕು ಪಟ್ಟು ತುಂಬಿಕೊಂಡಿರುತ್ತದೆ. ಇಷ್ಟು ತುಂಬಿದ್ದರೂ ಅದು ತಾನಾಗಿ ಇಳಿದುಬಿಡುವುದಿಲ್ಲ. ಮೆಗ್ನೀಸಿಯಂ ಅಡ್ಡ ಬರುತ್ತದೆ, ಹರಳು ಹುಟ್ಟಲು ಒಂದು ಆಸರೆಯೂ ಬೇಕು. ಆ ಆಸರೆಯ ಜೊತೆಗೆ ಶಾಖ ಸಿಕ್ಕರೆ ಕೆಲಸ ಶುರುವಾಗುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಸುಣ್ಣದ ಕಲ್ಲು ಬಿಸಿಯಲ್ಲಿ ಕಡಿಮೆ ಕರಗುತ್ತದೆ; ಬಿಸಿಯಾದ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋದಂತೆ ಇನ್ನಷ್ಟು ಸುಣ್ಣ ಇಳಿಯುತ್ತದೆ. ಅದಕ್ಕೇ ತೊಟ್ಟಿಯಲ್ಲಿ ಮೊದಲು ಪದರ ಹಿಡಿಯುವುದು ಹೀಟರಿಗೆ, ಬಿಸಿಯಾಗುವ ಪಂಪಿನ ಚಕ್ರಕ್ಕೆ. ಹವಳ ಬೆಳೆಯಲೆಂದು ಹನಿ ಹನಿಯಾಗಿ ಬಿಡುವ ಸುಣ್ಣದ ತಿಳಿನೀರು, ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣದ್ದು, ಕ್ಷಾರದ ಅಳತೆಯಲ್ಲಿ 12ನ್ನು ದಾಟಿರುತ್ತದೆ. ಅದು ಬೀಳುವ ಜಾಗದಲ್ಲೂ ಪದರ ಕಟ್ಟುತ್ತದೆ. ತಡೆಯುವ ಉಪಾಯಗಳು ಬೇಕಾದಷ್ಟಿವೆ. ಸುಣ್ಣದ ನೀರನ್ನು ರಭಸದ ಹರಿವಿರುವಲ್ಲಿ ನಿಧಾನವಾಗಿ ಹನಿಸಬಹುದು, ಕ್ಷಾರತೆ ಏಕಾಏಕಿ ಏರದಂತೆ ನೋಡಿಕೊಳ್ಳಬಹುದು, ಮೆಗ್ನೀಸಿಯಂ ಕುಗ್ಗದಂತೆ ಕಾಯಬಹುದು, ಬಿಸಿ ಕಡಿಮೆಯಾಗುವ ಪಂಪು ತರಬಹುದು. ಇವೆಲ್ಲ ಪದರವನ್ನು ತಡಮಾಡುತ್ತವೆ, ಒಂದೂ ಅದನ್ನು ಇಲ್ಲವಾಗಿಸುವುದಿಲ್ಲ. ಇಲ್ಲವಾಗಿಸುವ ದಾರಿ ಒಂದೇ: ನೀರಿನಲ್ಲಿ ಸುಣ್ಣ ಮಿತಿ ಮೀರದಂತೆ, ಮಿತಿಗಿಂತ ಕೆಳಗೇ ಇರುವಂತೆ ಮಾಡುವುದು. ಹಾಗೆ ಮಾಡಿದರೆ ಪಂಪು ಹೊಸದರಂತೆ ಹೊಳೆಯುತ್ತದೆ, ಹವಳದ ಅಸ್ಥಿ ಕರಗತೊಡಗುತ್ತದೆ. ತೊಟ್ಟಿಯ ಹೊರಗೂ ಇದೇ ನಡೆಯುತ್ತಿದೆ. ಗಾಳಿಗೆ ನಾವು ಬಿಟ್ಟ ಇಂಗಾಲದ ಹೊಗೆಯನ್ನು ಹೀರಿ ಕೈಗಾರಿಕಾ ಕಾಲದ ಈಚೆಗೆ ಕಡಲಿನ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ, ಲಕ್ಷದ್ವೀಪದಿಂದ ನಮ್ಮ ಮುರುಡೇಶ್ವರದೆದುರಿನ ನೇತ್ರಾಣಿಯವರೆಗೆ ಎಲ್ಲ ಹವಳಕ್ಕೂ ಅಸ್ಥಿ ಕಟ್ಟುವ ಕೆಲಸ ಆ ಮಟ್ಟಿಗೆ ದುಬಾರಿಯಾಗಿದೆ. ಪದರ ಕಟ್ಟಬಲ್ಲ ನೀರೇ ಹವಳ ಕಟ್ಟಬಲ್ಲ ನೀರು. ಇದು ನನ್ನ ಹೋಲಿಕೆಯಲ್ಲ, ರಸಾಯನಶಾಸ್ತ್ರದ ಲೆಕ್ಕ.

ಕಡಲಿಲ್ಲದ ನಾಡಿನಲ್ಲಿ ಈ ಮಾತೇಕೆ ಎಂದು ಕೇಳುವವರು ಕಾಲ ಕೆಳಗಿನ ನೆಲವನ್ನು ನೋಡಬೇಕು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹೋಗುವ ಗಟ್ಟಿ ಕಲ್ಲಿನ ಗುಡ್ಡ, ಇಂದು ರೇಣುಕಾಸಾಗರದ ಕಟ್ಟೆಗೆ ಹೆಗಲು ಕೊಟ್ಟಿರುವ ಗುಡ್ಡ, ಭೂವಿಜ್ಞಾನಿಗಳು ಕಲಾದಗಿ ಎಂದು ಕರೆಯುವ ಪ್ರಾಚೀನ ಜಲಾನಯನದಲ್ಲಿ ಕೂತ ಮರಳಿನಿಂದಾದದ್ದು. ಅದೇ ಜಲಾನಯನದಲ್ಲಿ ರಾಮದುರ್ಗದಿಂದ ಮೂಡಣಕ್ಕೆ, ಲೋಕಾಪುರ ಬಾಗಲಕೋಟೆಗಳತ್ತ ಸಾಗಿದರೆ ಸುಣ್ಣದ ಕಲ್ಲು, ಡಾಲೊಮೈಟು ಸಿಗುತ್ತವೆ. ಸಿಮೆಂಟಿನ ಕಾರ್ಖಾನೆಗಳು ಅಲ್ಲಿ ಬೇರೂರಿದ್ದೂ ಅದಕ್ಕೇ. ನೂರು ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಆಳವಿಲ್ಲದ ಕಡಲಿತ್ತು. ಹವಳ ಇನ್ನೂ ಹುಟ್ಟಿರದ ಆ ಕಾಲದಲ್ಲಿ ಸೂಕ್ಷ್ಮಜೀವಿಗಳ ಲೋಳೆಯ ಚಾಪೆಗಳು ಬಿಸಿಲು ಕುಡಿದು, ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ, ತಮ್ಮ ಮೈ ಮೇಲೆಯೇ ಸುಣ್ಣ ಇಳಿಸಿಕೊಂಡವು. ಪದರದ ಮೇಲೆ ಪದರವಾಗಿ ಬೆಳೆದ ಆ ಗುಪ್ಪೆಗಳು ಸ್ಟ್ರೊಮಟೊಲೈಟ್ ಎಂಬ ಹೆಸರಿನಲ್ಲಿ ಇಂದಿಗೂ ಕಲ್ಲಿನಲ್ಲಿ ಕಾಣುತ್ತವೆ. ಸುಣ್ಣದ ಇಂದಿನ ಕಥೆ ಮನೆಮನೆಗೆ ಗೊತ್ತು. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯಲು ಹಟ ಮಾಡುತ್ತದೆ, ಸಾಬೂನು ನೊರೆ ಬಿಡುವುದಿಲ್ಲ, ಬಚ್ಚಲ ಹಂಡೆಯ ಒಳಮೈ ಬೆಳ್ಳಗಾಗುತ್ತದೆ, ಮಾಳಿಗೆಯ ಸೋಲಾರಿನ ಕೊಳವೆ ಕಟ್ಟಿಕೊಳ್ಳುತ್ತದೆ. ಹಂಡೆಗೆ ಹುಣಸೆಹುಳಿ ಹಾಕಿ ತಿಕ್ಕುವ ಹೆಣ್ಣುಮಗಳೂ ಪಂಪನ್ನು ವಿನೆಗರಿನಲ್ಲಿ ನೆನೆಹಾಕುವ ಹವ್ಯಾಸಿಯೂ ಮಾಡುವುದು ಒಂದೇ ಕೆಲಸ: ಹುಳಿ ಸುಣ್ಣವನ್ನು ಕರಗಿಸಿ ಗಾಳಿಯ ಗುಳ್ಳೆಯಾಗಿ ಬಿಡಿಸುತ್ತದೆ. ಕುಡಿಯುವ ನೀರಿಗೆ ಸರ್ಕಾರ ಹಾಕಿರುವ ಐಎಸ್ 10500 ಮಾನದಂಡ ಕೂಡ ಸೊನ್ನೆ ಗಡಸುತನವನ್ನು ಕೇಳುವುದಿಲ್ಲ. ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪುತ್ತದೆ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸುತ್ತದೆ. ನೀರಿನಲ್ಲಿ ಬರುವ ಈ ಸುಣ್ಣ ನಮ್ಮ ಎಲುಬಿಗೂ ಬೇಕಾದದ್ದೇ. ಇನ್ನು ಕಿತ್ತೂರಿನ ಕೋಟೆಗೆ ಹೋದರೆ ಈ ಸುಣ್ಣದ ಮರ್ಯಾದೆಯೇ ಬೇರೆ. ಸುಟ್ಟು ಅರಳಿಸಿದ ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. 1824ರ ತೋಪುಗಳ ಹೊಡೆತ ತಿಂದ ಗೋಡೆಗಳನ್ನು ಇಷ್ಟು ಕಾಲ ಹಿಡಿದಿಟ್ಟದ್ದರಲ್ಲಿ, ಪಂಪಿನಲ್ಲಿ ನಾವು ಶಪಿಸುವ ಆ ಗಟ್ಟಿಯಾಗುವ ಗುಣಕ್ಕೂ ಪಾಲಿದೆ.

ಇನ್ನು ಎದುರುವಾದ. ಅದನ್ನು ಈ ಸೀಮೆಯ ಅತ್ಯಂತ ಬಲವಾದ ಕಥೆಯೇ ಹೇಳುತ್ತದೆ. ಜಮದಗ್ನಿಯ ಹೆಂಡತಿ ರೇಣುಕೆ ದಿನಾ ನಸುಕಿನಲ್ಲಿ ಮಲಪ್ರಭೆಗೆ ಹೋಗಿ, ದಂಡೆಯ ಮರಳಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ ತಲೆಗಿಟ್ಟು ನೀರು ತರುತ್ತಿದ್ದಳು. ಸುಡದ ಮರಳಿನ ಕೊಡ ನೀರು ಹಿಡಿದದ್ದು ಅವಳ ಮನಸ್ಸಿನ ಶುದ್ಧಿಯಿಂದ. ಒಂದು ದಿನ ಹೊಳೆಯಲ್ಲಿ ಗಂಧರ್ವನ ಜಲಕ್ರೀಡೆಯ ಮೇಲೆ ಕಣ್ಣು ಬಿತ್ತು, ಮನಸ್ಸು ಕ್ಷಣಕಾಲ ಅತ್ತ ಸರಿಯಿತು. ಮರಳು ಕೊಡವಾಗಲಿಲ್ಲ. ಮುಂದಿನದು ಎಲ್ಲರಿಗೂ ಗೊತ್ತು: ಶಾಪ, ಮೈಗೆ ರೋಗ, ಕಾಡು, ಕೊನೆಗೆ ಮಗನ ಕೊಡಲಿ. ಶುದ್ಧಿ ಎಂದರೆ ಕಲೆಯಿಲ್ಲದ ಸ್ಥಿತಿ, ಒಂದು ಕಲೆ ಬಿದ್ದರೆ ಪೂರ್ತಿ ಮುರಿದಂತೆ ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. ಆದರೆ ಕಥೆ ಕೊಡದಲ್ಲಿ ನಿಲ್ಲುವುದಿಲ್ಲ. ಶಾಪ ಹೊತ್ತ ರೇಣುಕೆ ಎಕ್ಕಯ್ಯ, ಜೋಗಯ್ಯ ಎಂಬ ಸಾಧುಗಳ ಮಾತಿನಂತೆ ಹೊಂಡದಲ್ಲಿ ಮಿಂದು ರೋಗ ಕಳೆದುಕೊಂಡಳು. ರೇಣುಕೆಯನ್ನು ಎಲ್ಲಮ್ಮನೆಂದು ಪೂಜಿಸುವ ಸವದತ್ತಿಯ ಗುಡ್ಡ ಏರುವ ಮೊದಲು ಭಕ್ತರು ಜೋಗುಳಬಾವಿಯಲ್ಲಿ ಮೀಯುವ ಪದ್ಧತಿ ಈ ನೆನಪನ್ನು ಹಿಡಿದಿದೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಲಕ್ಷಾಂತರ ಜನ ಮರಳಿನ ಕೊಡ ಮಾಡಿ ತಮ್ಮ ಪರೀಕ್ಷೆ ಕೊಡಲು ಬರುವುದಿಲ್ಲ. ಮೀಯಲು ಬರುತ್ತಾರೆ, ಬಂಡಾರ ಹಚ್ಚಿಕೊಳ್ಳಲು ಬರುತ್ತಾರೆ, ಬರುವ ವರ್ಷ ಮತ್ತೆ ಬರುತ್ತಾರೆ. ಹೋದ ವರ್ಷದ ಮೀಯುವಿಕೆ ಈ ವರ್ಷಕ್ಕೂ ಸಾಕು ಎಂದು ಯಾವ ಪೂಜಾರಿಯೂ ಹೇಳಿದ್ದಿಲ್ಲ. ಕಥೆಯಲ್ಲಿ ಎರಡು ಶುದ್ಧಿಗಳಿವೆ, ಜನ ತಮ್ಮ ಕಾಲಿನಿಂದ ಒಂದನ್ನು ಆರಿಸಿಕೊಂಡಿದ್ದಾರೆ. ಜೀವ ಇರುವ ಮನಸ್ಸಿನಲ್ಲಿ ನೋಟವೂ ಚಲನೆಯೂ ಇರುವುದರಿಂದಲೇ ಕಲೆಯೂ ಬೀಳುತ್ತದೆ. ಹೊಳೆಯಲ್ಲಿ ಯಾರೇ ಈಜಲಿ, ತಿರುಗಿ ನೋಡದ ಕಣ್ಣು ಜಮದಗ್ನಿಗೆ ಬೇಕಾಗಿತ್ತು. ಅಂಥ ಕಣ್ಣು ಮನುಷ್ಯರದೋ ಎಂದು ಕೇಳಬೇಕಾಗುತ್ತದೆ.

ಶೈವ ಸಿದ್ಧಾಂತದ ಪಂಡಿತರು ಇಲ್ಲಿ ನನ್ನನ್ನು ತಡೆದಾರು. ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳು ಬರಿಯ ನೋಟದ ಭೇದವಲ್ಲ, ಜೀವಕ್ಕೆ ಅನಾದಿಯಿಂದ ಅಂಟಿದ ನಿಜವಾದ ಆವರಣ ಎಂದು ಆ ಶಾಸ್ತ್ರ ಹೇಳುತ್ತದೆ. ತಾಮ್ರಕ್ಕೆ ಹಿಡಿದ ಕಿಲುಬು, ಅಕ್ಕಿಯನ್ನು ಮುಚ್ಚಿದ ಹೊಟ್ಟು ಎಂಬುವು ಅದರ ಹೆಸರಾಂತ ದೃಷ್ಟಾಂತಗಳು. ಕಿಲುಬು ತಾಮ್ರದ ಸ್ವಭಾವವಲ್ಲ, ಕಳೆದರೆ ತಾಮ್ರ ತಾಮ್ರವಾಗಿಯೇ ಉಳಿಯುತ್ತದೆ. ಹಾಗೆಯೇ ಮಲ ಕಳೆದ ಜೀವ ಶಿವನಂತೆ ಬೆಳಗುತ್ತದೆ. ಹಾಗಿರುವಾಗ ಸುಣ್ಣದ ಉದಾಹರಣೆ ಎತ್ತಿಕೊಂಡು ಕೊಳೆಯೂ ಮೈಯೂ ಒಂದೇ ಎನ್ನುವುದು ಜೀವವನ್ನೂ ಮಲವನ್ನೂ ಕಲಸಿದಂತೆ ಎಂಬುದು ಅವರ ಆಕ್ಷೇಪ. ಇದು ತೂಕದ ಮಾತು. ಆದರೆ ಆ ದೃಷ್ಟಾಂತಗಳನ್ನೇ ಇನ್ನಷ್ಟು ಹತ್ತಿರದಿಂದ ನೋಡಿ. ಹೊಟ್ಟು ಕಳೆದ ಅಕ್ಕಿ ಶುದ್ಧ, ನಿಜ. ಕುಟ್ಟಿ ಬಿಳುಪಾಗಿಸಿದ ಅದನ್ನು ಬಿತ್ತಿದರೆ ಮೊಳೆಯುವುದಿಲ್ಲ. ಸಿದ್ಧಾಂತಿಗಳಿಗೆ ಇದು ಗೊತ್ತಿಲ್ಲವೆಂದಲ್ಲ, ಅವರ ಆಶಯವೇ ಅದು: ಮಲ ಕಳೆದವನಿಗೆ ಮರುಹುಟ್ಟಿಲ್ಲ. ಮತ್ತೆ ಮೊಳೆಯಬಾರದ ಜೀವಕ್ಕೆ ಆ ಚಿತ್ರ ಸರಿಯಾಗಿ ಹೊಂದುತ್ತದೆ. ಇನ್ನೂ ಉಳುಮೆ ಮಾಡಬೇಕಾದ, ಮಕ್ಕಳ ಮದುವೆ ಮಾಡಬೇಕಾದ, ನೆರೆಯವನ ಜೊತೆ ಬದುವಿನ ಜಗಳ ತೀರಿಸಿಕೊಳ್ಳಬೇಕಾದ ಜೀವಕ್ಕೆ ಹೊಂದುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನನ್ನ ವಾದ ಮೋಕ್ಷದ ಆಚೆಗಿನದಲ್ಲ, ಈಚೆಗಿನದು. ಈಚೆ ದಂಡೆಯಲ್ಲಿ, ಹಟ್ಟಿ ಹೊಲ ಮಠಗಳ ನಡುವೆ, ಹೊಟ್ಟಿಲ್ಲದ ಕಾಳನ್ನು ಬಿತ್ತನೆಗೆ ಕೊಡುವವರಿಲ್ಲ.

ಈ ಸೀಮೆಯ ಲಿಂಗಾಯತ ಆಚರಣೆ ಇದನ್ನು ಯಾವ ಶಾಸ್ತ್ರಾರ್ಥಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. ದೀಕ್ಷೆಯ ಹೊತ್ತಿಗೆ ಗುರು ಮೂರು ಮಲಗಳನ್ನು ಕಳೆಯುತ್ತಾನೆ ಎಂಬುದು ಒಪ್ಪಿತ ತತ್ತ್ವ. ಕಳೆದದ್ದು ಕಳೆದೇ ಹೋಗುವುದಾದರೆ ಮರುದಿನ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಮತ್ತೆ ಮಜ್ಜನ, ಮತ್ತೆ ವಿಭೂತಿ, ಮತ್ತೆ ಪೂಜೆ ಏಕೆ? ಬರಿಯ ಕೃತಜ್ಞತೆಯ ಅಭ್ಯಾಸ ಎಂದು ಉತ್ತರಿಸಬಹುದು, ಅದು ಅರ್ಧ ಉತ್ತರ. ತತ್ತ್ವ ಒಮ್ಮೆಯ ಶುದ್ಧಿಯನ್ನು ಹೇಳಿದರೂ ಅದನ್ನು ಬದುಕಿದವರಿಗೆ ದಿನದ ಶುದ್ಧಿ ಬೇಕಾಗಿತ್ತು ಎಂಬುದು ಪೂರ್ಣ ಉತ್ತರ. ಶರಣರಲ್ಲಿ ಈ ಮಾತಿಗೆ ನನಗೆ ಅತ್ಯಂತ ಹತ್ತಿರದವನಾಗಿ ಕಾಣುವವನು ಮಡಿವಾಳ ಮಾಚಯ್ಯ. ಕಲ್ಯಾಣದ ವಿಪ್ಲವದ ನಂತರ ವಚನಗಳ ಕಟ್ಟನ್ನು ಹೊತ್ತು ಉಳವಿಯತ್ತ ಹೊರಟ ಶರಣರ ಬೆಂಗಾವಲಾಗಿ ಅವನು ಈ ಮಲಪ್ರಭೆಯ ಕಣಿವೆಯಲ್ಲಿ, ಕಾದರವಳ್ಳಿಯಲ್ಲಿ ಸೈನ್ಯವನ್ನು ಎದುರಿಸಿದನೆಂದು ಪರಂಪರೆ ಹೇಳುತ್ತದೆ. ಮಾಚಯ್ಯನ ಕಾಯಕ ಬಟ್ಟೆ ಒಗೆಯುವುದು. ಒಗೆದ ಬಟ್ಟೆ ಒಗೆದದ್ದಾಗಿಯೇ ಉಳಿಯುವುದಿಲ್ಲ ಎಂಬುದು ಆ ಕಸುಬಿನ ಮೊದಲ ಪಾಠ. ಅದನ್ನು ಸೋಲೆಂದು ತಿಳಿದ ಅಗಸ ಮರುದಿನ ಹೊಳೆಗೆ ಹೋಗುವುದೇ ಇಲ್ಲ. ಸಾಬೂನಿಲ್ಲದ ಕಾಲದ ಅಗಸರು ಬಳಸುತ್ತಿದ್ದ ಚೌಳು ಮಣ್ಣಿನಲ್ಲಿರುವ ಸೋಡಾ ಗಡಸು ನೀರಿನ ಸುಣ್ಣವನ್ನು ಹಿಡಿದು ಕೆಳಗಿಳಿಸಿ ನೀರನ್ನು ಮೆದು ಮಾಡುತ್ತದೆ. ಸುಣ್ಣ ಹೋಗುವುದಿಲ್ಲ, ಬಟ್ಟೆಯಿಂದ ಆಚೆ ಕೂರುತ್ತದೆ, ಅಷ್ಟೇ. ಇಂಥ ಕೆಲಸವನ್ನು ದಿನಾ ಮಾಡುವವನನ್ನು ಶರಣರು ತಮ್ಮ ಪಂಕ್ತಿಯ ನಡುವೆ ಕೂರಿಸಿಕೊಂಡರು ಎಂಬುದನ್ನು ಶುದ್ಧಿಯ ಬಗ್ಗೆ ಅವರು ಹೊಂದಿದ್ದ ನಿಲುವೆಂದೇ ನಾನು ಓದುತ್ತೇನೆ.

ಕೊಳೆಯೆಂಬುದೇ ನಿಜವಲ್ಲ, ತೊಳೆಯುವುದೇನನ್ನು ಎಂದು ಅದ್ವೈತದ ಕಡೆಯಿಂದ ಬರುವ ಆಕ್ಷೇಪಕ್ಕೆ ಇಷ್ಟು ಜಾಗ ಬೇಕಿಲ್ಲ. ಚೀನಾದ ಬೌದ್ಧರಲ್ಲಿ ಹ್ವೀನಂಗನ ಹೆಸರಿನ ವೇದಿಕೆಯ ಸೂತ್ರದಲ್ಲಿ ಒಂದು ಪ್ರಸಂಗವಿದೆ. ಮನಸ್ಸೆಂಬ ಕನ್ನಡಿಯನ್ನು ದಿನಾ ಒರೆಸಬೇಕೆಂದು ಹಿರಿಯ ಶಿಷ್ಯ ಬರೆದರೆ, ಕನ್ನಡಿಯೇ ಇಲ್ಲದಲ್ಲಿ ಧೂಳು ಕೂರುವುದೆಲ್ಲಿ ಎಂಬರ್ಥದಲ್ಲಿ ಅಕ್ಷರ ಬಾರದ ಹ್ವೀನಂಗ ಉತ್ತರಿಸಿ ಗುರುವಿನ ಉತ್ತರಾಧಿಕಾರ ಪಡೆದನಂತೆ. ಎಲ್ಲವೂ ಬಯಲು, ಶೂನ್ಯ ಎಂಬ ನಮ್ಮ ಶರಣರ ಮಾತು ಬಲ್ಲವರಿಗೆ ಇದು ಹೊಸದಲ್ಲ. ಒಪ್ಪೋಣ. ಆದರೆ ಆ ಪ್ರಸಂಗದ ಹೊತ್ತಿಗೆ ಹ್ವೀನಂಗ ಮಠದಲ್ಲಿ ಭತ್ತ ಕುಟ್ಟುವ ಕೆಲಸದಲ್ಲಿದ್ದ ಎಂಬುದನ್ನೂ ಅದೇ ಗ್ರಂಥ ಹೇಳುತ್ತದೆ. ಧೂಳಿಲ್ಲವೆಂದವನೂ ಹೊಟ್ಟು ಬೇರ್ಪಡಿಸುತ್ತಲೇ ಇದ್ದ.

ಹೆಚ್ಚು ಕಷ್ಟದ ಆಕ್ಷೇಪ ಸಮಾಜದ ಕಡೆಯಿಂದ ಬರುತ್ತದೆ. ಕೊಳೆ ವಸ್ತುವಿನಲ್ಲಿಲ್ಲ, ಅದು ಇರುವ ಜಾಗದಲ್ಲಿದೆ ಎಂದು 1966ರಲ್ಲಿ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ ವಿವರವಾಗಿ ವಾದಿಸಿದಳು. ಹವಳದ ಮೇಲಿನ ಸುಣ್ಣ ಮೈ, ಪಂಪಿನ ಮೇಲಿನದು ಕೊಳೆ ಎನ್ನುವಾಗ ನಾನೂ ಅದನ್ನೇ ಹೇಳುತ್ತಿರುವಂತೆ ಕಾಣುತ್ತದೆ. ಹಾಗಾದರೆ ಜಾತಿಯ ವಾದವೂ ಇದೇ ಅಲ್ಲವೇ? ಎಲ್ಲರೂ ಅವರವರ ಜಾಗದಲ್ಲಿದ್ದರೆ ಶುದ್ಧ, ಕೇರಿ ಬಿಟ್ಟು ಗುಡಿಯೊಳಗೆ ಬಂದರೆ ಮೈಲಿಗೆ ಎಂದವರು ಜಾಗದ ತರ್ಕವನ್ನೇ ಹಿಡಿದಿದ್ದರು. ಈ ಆಕ್ಷೇಪವನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಎಲ್ಲಮ್ಮನ ಗುಡ್ಡದ ನೆರಳಿನಲ್ಲೇ ಬಡ ದಲಿತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಅರ್ಪಿಸಿ, ಒಂದು ಕೈಯಿಂದ ದೇವಿಯ ಮಗಳೆಂದು ಕರೆದು, ಇನ್ನೊಂದು ಕೈಯಿಂದ ಜೀವಮಾನವಿಡೀ ಕಳಂಕ ಹಚ್ಚಿದ್ದನ್ನು ನೋಡಿದ ನಾಡಿದು. ಕರ್ನಾಟಕ 1982ರ ಕಾಯ್ದೆಯಿಂದ ಆ ಸಮರ್ಪಣೆಯನ್ನು ನಿಷೇಧಿಸಬೇಕಾಯಿತು. ನನ್ನ ಉತ್ತರ ಇದು: ಪದರವನ್ನು ಕೊಳೆಯೆನ್ನುವಾಗ ನಾವು ಜಾಗವನ್ನು ನೋಡುತ್ತಿಲ್ಲ, ಅದು ಏನನ್ನು ತಡೆಯುತ್ತದೆ ಎಂಬುದನ್ನು ನೋಡುತ್ತಿದ್ದೇವೆ. ಪಂಪು ತಿರುಗಬೇಕು, ಅದು ತಿರುಗದಿದ್ದರೆ ನೀರಿನ ಉಸಿರೇ ನಿಲ್ಲುತ್ತದೆ. ತಿರುಗದಂತೆ ಮಾಡುವ ಪದರ ಆ ಕಾರಣಕ್ಕೆ ಕೊಳೆ. ಅದೇ ಪಂಪಿನ ಹೊರ ಕವಚದ ಮೇಲೆ, ಏನನ್ನೂ ತಡೆಯದೆ ಸುಣ್ಣಪಾಚಿ ಹಬ್ಬಿದ್ದರೆ ಜಾಣ ಹವ್ಯಾಸಿ ಅದನ್ನು ಹಾಗೆಯೇ ಬಿಡುತ್ತಾನೆ. ಈ ಅಳತೆಯನ್ನು ಸಮಾಜಕ್ಕೆ ತಂದರೆ ಕೊಳೆಯಾಗಿ ಕಾಣುವುದು ಗುಡಿಯ ಬಾಗಿಲಿಗೆ ಬಂದ ಮನುಷ್ಯನಲ್ಲ, ಅವನನ್ನು ನಿಲ್ಲಿಸಿದ ಹೊಸ್ತಿಲಿನ ನಿಯಮ. ನಿಂತದ್ದಕ್ಕಿಂತ ನಡೆಯುವುದನ್ನು ಶರಣರು ಮೇಲೆಂದು ಬಗೆದದ್ದೂ ಈ ಅಳತೆಗೆ ಹತ್ತಿರದ್ದೇ. ಸುಣ್ಣವೇ ಇದಕ್ಕೆ ಇನ್ನೊಂದು ಸಾಕ್ಷಿ ಕೊಡುತ್ತದೆ. ಇಲ್ಲಿಂದ ದೂರವೇನಲ್ಲದ ಖಾನಾಪುರ ತಾಲ್ಲೂಕಿನ ಕಕ್ಕೇರಿ, ಡೋಹರ ಕಕ್ಕಯ್ಯ ಐಕ್ಯನಾದ ಊರೆಂದು ಹೆಸರಾದದ್ದು. ಅವನ ಕಸುಬು ತೊಗಲು ಹದ ಮಾಡುವುದು. ತೊಗಲಿನ ಕೂದಲು ಬಿಡಿಸಲು ಅದನ್ನು ನೆನೆಹಾಕುತ್ತಿದ್ದುದು ಸುಣ್ಣದ ನೀರಿನಲ್ಲಿ. ಜಾತ್ರೆ ಬಂದರೆ ಗುಡಿಯ ಗೋಡೆಗೆ ಬಳಿಯುತ್ತಿದ್ದುದೂ ಅದೇ ಸುಣ್ಣ, ಬಹುಶಃ ಅದೇ ಭಟ್ಟಿಯದು. ಒಂದು ಮೈಲಿಗೆಯ ಕಸುಬಿನ ಸುಣ್ಣ, ಇನ್ನೊಂದು ಮಂಗಳದ ಸುಣ್ಣ ಎಂದು ಯಾರಾದರೂ ವಿಂಗಡಿಸಿ ಮಾರಿದ್ದು ಕೇಳಿಲ್ಲ. ಮನುಷ್ಯರನ್ನು ಮಾತ್ರ ಹಾಗೆ ವಿಂಗಡಿಸಿದೆವು.

ಕೊನೆಯ ಆಕ್ಷೇಪ ವ್ಯಾವಹಾರಿಕದ್ದು, ಹಾಗೆಂದು ಸಣ್ಣದೇನಲ್ಲ. ಕೊಳೆ ಬಂದ ಮೇಲೆ ತೊಳೆಯುವುದಕ್ಕಿಂತ ಬರದಂತೆ ತಡೆಯುವುದು ಮೇಲಲ್ಲವೇ? ಎಲ್ಲ ಧರ್ಮಗಳೂ ನೇಮ, ವ್ರತ, ಸಂಯಮ ಎಂದು ಹೇಳಿದ್ದು ಅದನ್ನೇ. ದಿನಾ ತೊಳೆಯಬಹುದು ಎಂಬ ಸಮಾಧಾನ ಸಿಕ್ಕವನು ದಿನಾ ಕೊಳೆ ಮಾಡಿಕೊಳ್ಳಲು ಹೇಸುವುದಿಲ್ಲ. ಹೊಂಡದಲ್ಲಿ ಮಿಂದು ಬಂದು ಸಂಜೆಗೆ ಬಡ್ಡಿಯ ಲೆಕ್ಕದಲ್ಲಿ ಮೋಸ ಮಾಡುವವರು ಎಲ್ಲ ಜಾತ್ರೆಗಳಲ್ಲೂ ಸಿಗುತ್ತಾರೆ. ಒಪ್ಪಬೇಕಾದ ಮಾತು. ಆದರೆ ತಡೆಯುವುದೆಂದರೆ ನಿಜದಲ್ಲಿ ಏನು ಎಂದು ತೊಟ್ಟಿಯವರನ್ನೇ ಕೇಳಬೇಕು. ಪಂಪಿಗೆ ಪದರವೇ ಹಿಡಿಯದಂತೆ ಮಾಡುತ್ತೇವೆಂದು ಕೊಳವೆಗೆ ಕಟ್ಟುವ ಅಯಸ್ಕಾಂತದ ಸಾಧನಗಳನ್ನು ಮಾರುವವರಿದ್ದಾರೆ; ಅವುಗಳಿಂದ ಖಚಿತ ಪ್ರಯೋಜನವಿದೆಯೆಂದು ಪರೀಕ್ಷೆಗಳು ಒಮ್ಮತದಿಂದ ಹೇಳಿಲ್ಲ. ನಿಜವಾಗಿ ಫಲ ಕೊಡುವ ತಡೆಗಳು ಯಾವುವೆಂದರೆ ನಿಧಾನವಾಗಿ ಹನಿಸುವುದು, ವಾರಕ್ಕೊಮ್ಮೆ ಕ್ಷಾರತೆ ಅಳೆಯುವುದು, ನೀರು ಏರುಪೇರಾಗದಂತೆ ಕಾಯುವುದು. ಇವೂ ಮತ್ತೆ ಮತ್ತೆ ಮಾಡುವ ಕೆಲಸಗಳೇ. ಸಂಯಮ ಎಂಬುದು ಶುದ್ಧಿಯನ್ನು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಉಪಾಯವಲ್ಲ. ಅದೂ ಒಗೆತದಂತೆ ದಿನದ ಕಾಯಕ, ಒಗೆತಕ್ಕಿಂತ ಒಂದು ಹೊತ್ತು ಮೊದಲು ಮಾಡುವಂಥದ್ದು, ಅಷ್ಟೇ. ಬಡ್ಡಿಯಲ್ಲಿ ಮೋಸ ಮಾಡುವವನ ತಪ್ಪು ದಿನಾ ಮಿಂದದ್ದಲ್ಲ. ಲೆಕ್ಕದ ಪುಸ್ತಕಕ್ಕೆ ಪದರ ಹಿಡಿದಿರುವಾಗ ಮೈಯನ್ನು ತೊಳೆದದ್ದು ಅವನ ತಪ್ಪು. ಯಾವುದನ್ನು ತೊಳೆಯಬೇಕು ಎಂಬುದೇ ಇಲ್ಲಿ ಕಷ್ಟದ ಭಾಗ. ತಿಳಿದವರು ಪಂಪನ್ನು ಬಿಚ್ಚಿ, ಹೊರಗೆ ತೆಗೆದು, ಬೇರೊಂದು ಪಾತ್ರೆಯಲ್ಲಿ ಹುಳಿಗೆ ಹಾಕಿ, ಚೆನ್ನಾಗಿ ಜಾಲಿಸಿ ಮತ್ತೆ ತೊಟ್ಟಿಗಿಳಿಸುತ್ತಾರೆ. ಅವಸರದವನು ಹುಳಿಯನ್ನು ತೊಟ್ಟಿಗೇ ಸುರಿದರೆ ಪಂಪಿಗಿಂತ ಮೊದಲು ಹವಳ ಸಾಯುತ್ತದೆ. ಒಂದು ನೋಟಕ್ಕಾಗಿ ಇಡೀ ಹೆಣ್ಣನ್ನು ಶಪಿಸಿದ ಋಷಿ, ಒಂದು ಅನಾಚಾರಕ್ಕಾಗಿ ಇಡೀ ಜಾತ್ರೆಯನ್ನೇ ನಿಲ್ಲಿಸಬೇಕೆನ್ನುವ ಸುಧಾರಕ, ಒಂದು ಸಿಟ್ಟಿಗಾಗಿ ಪ್ರೀತಿಯನ್ನೂ ಕಿತ್ತೊಗೆಯಲು ಹೊರಡುವ ಸಾಧಕ, ಇವರೆಲ್ಲರ ಅವಸರವೂ ಅದೇ ಜಾತಿಯದು. ಸಿಟ್ಟೂ ಪ್ರೀತಿಯೂ ಒಂದೇ ಬಿಸುಪಿನಿಂದ ಇಳಿದು ಗಟ್ಟಿಯಾಗುವುದರಿಂದ ಎರಡನ್ನೂ ಬಿಡಿಸಿ ನೋಡಲು ತಾಳ್ಮೆ ಬೇಕು, ಹಲವು ಸಲ ಇನ್ನೊಬ್ಬರ ಕಣ್ಣೂ ಬೇಕು. ಪರಂಪರೆ ಗುರುವಿಗೆ ಕೊಟ್ಟ ಕೆಲಸಗಳಲ್ಲಿ ಇದೂ ಒಂದು ಎಂದು ನ್ಯಾಯವಾಗಿ ಹೇಳಬಹುದು. ಗುರು ಸಿಗದವರಿಗೆ ಉಳಿದಿರುವುದು ಹವ್ಯಾಸಿಯ ವಿಧಾನ: ಎಲ್ಲಿ ತಿರುಗುವುದು ನಿಂತಿದೆ ಎಂದು ಮೊದಲು ಹುಡುಕುವುದು, ಆ ಭಾಗವನ್ನಷ್ಟೇ ಬಿಚ್ಚುವುದು, ಹುಳಿಯನ್ನು ಅಲ್ಲಿಗಷ್ಟೇ ಹಾಕುವುದು.